ಸುಮ್ಮನಿರು ಅಂದವರ ಮನೆ

ಯೂತ್ ಸರ್ವೀಸ್ ಸಂದೇಶ. ಧ್ಯಾನದ ಭಾಗ: 2 ಸಮುವೇಲ 13:1–22, ಮಾರ್ಕ 5:21–34

ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಈ ಕಡೆ ಕುರ್ಚಿ ಖಾಲಿ ಇದೆ.

ಇವತ್ತಿನ ಸಂದೇಶ ಸ್ವಲ್ಪ ಭಾರವಾದದ್ದು, ಮೊದಲೇ ಹೇಳ್ತೀನಿ. ಕೇಳುವಾಗ ಯಾರಿಗಾದರೂ ಕಷ್ಟ ಆದರೆ ಎದ್ದು ಹೊರಗೆ ಹೋಗಿ ಕೂತ್ಕೊಳ್ಳಿ, ಯಾರೂ ತಪ್ಪು ತಿಳಿಯೋದಿಲ್ಲ. ಹೊರಗೆ ಇಬ್ಬರು ಅಕ್ಕಂದಿರು ಇದ್ದಾರೆ. ಅವರು ಪ್ರಶ್ನೆ ಕೇಳೋದಿಲ್ಲ, ನಿಮ್ಮ ಜೊತೆ ಸುಮ್ಮನೆ ಕೂತಿರ್ತಾರೆ.

ಬೈಬಲ್ ತೆರೆಯಿರಿ, ಎರಡನೇ ಸಮುವೇಲ 13ನೇ ಅಧ್ಯಾಯ. ಮೊಬೈಲ್‌ನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡಿ.

ನಮ್ಮ ಸಭೆಗಳಲ್ಲಿ ಕೊರಿಯಾ ಅಂದ ಕೂಡಲೇ ಏನು ನೆನಪಾಗುತ್ತೆ? ದೊಡ್ಡವರಿಗೆ ಬೆಳಗಿನ ಜಾವದ ಪ್ರಾರ್ಥನೆ, ಸಿಯೋಲ್‌ನ ಯೊಯ್ಡೊ ಸಭೆ. ನಿಮಗೆ ಡ್ರಾಮಾ, ಹಾಡು, ರಾಮ್ಯೊನ್. ನಗಬೇಡಿ, ನಿಜ ತಾನೇ? ಇವತ್ತು ಅದೇ ದೇಶದ ಒಬ್ಬ ಹುಡುಗಿಯ ವಿಷಯ ಹೇಳ್ತೀನಿ. ಹೆಸರು ಶಿಮ್ ಸುಕ್-ಹೀ. ಇದು ಗಾಳಿಮಾತಲ್ಲ, ಆಕೆಯೇ ತನ್ನ ಹೆಸರು ಹೇಳಿಕೊಂಡು ನ್ಯಾಯಾಲಯದಲ್ಲಿ ನಿಂತು ಮಾತನಾಡಿದ ವಿಷಯ.

ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ನೀವು ನೋಡಿರಬಹುದು. ಮಂಜುಗಡ್ಡೆಯ ಮೇಲೆ 111 ಮೀಟರಿನ ಒಂದು ಸುತ್ತು. ನಾಲ್ಕೈದು ಜನ ಒಟ್ಟಿಗೆ ಓಡ್ತಾರೆ, ತಿರುವಿನಲ್ಲಿ ಮೈ ಎಷ್ಟು ಬಾಗುತ್ತೆ ಅಂದ್ರೆ ಕೈ ನೆಲ ಮುಟ್ಟುತ್ತೆ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕೊರಿಯಾ ಅತಿ ಹೆಚ್ಚು ಚಿನ್ನ ಗೆದ್ದಿರುವುದು ಇದೇ ಆಟದಲ್ಲಿ. ಶಿಮ್ 2014ರಲ್ಲಿ ರಷ್ಯಾದ ಸೋಚಿಯಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರನ್ನೂ ಗೆದ್ದಳು. ಆಗ ಆಕೆಗೆ 17 ವರ್ಷ, ಇನ್ನೂ ಹೈಸ್ಕೂಲ್ ಹುಡುಗಿ. ಇಡೀ ದೇಶ ಚಪ್ಪಾಳೆ ಹೊಡೆಯಿತು.

ಆದರೆ ಚಪ್ಪಾಳೆ ಹೊಡೆದವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಆಕೆಯ ಕೋಚ್, ಚೋ ಜೇ-ಬೊಮ್, ಆಕೆ ಚಿಕ್ಕ ಮಗುವಾಗಿದ್ದಾಗಿನಿಂದ ತರಬೇತಿ ಕೊಟ್ಟವನು. ಒಂದನೇ ಕ್ಲಾಸಿನಿಂದಲೇ ಹೊಡೆತ ತಿನ್ನುತ್ತಿದ್ದೆ, ನಾಲ್ಕನೇ ಕ್ಲಾಸಿನಲ್ಲಿ ಹಾಕಿ ಸ್ಟಿಕ್‌ನಿಂದ ಹೊಡೆದು ಬೆರಳು ಮುರಿದ ಅಂತ ಆಕೆ ನ್ಯಾಯಾಲಯದಲ್ಲಿ ಹೇಳಿದಳು. 2018ರ ಜನವರಿಯಲ್ಲಿ, ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಇನ್ನು ಕೆಲವೇ ವಾರ ಇರುವಾಗ, ರಾಷ್ಟ್ರೀಯ ಶಿಬಿರದಲ್ಲೇ ಆತ ಮತ್ತೆ ಹೊಡೆದ. ಆಕೆ ಶಿಬಿರ ಬಿಟ್ಟು ಹೊರಗೆ ಹೋದಳು. ಅದೇ ಹೊತ್ತಿಗೆ ದೇಶದ ಅಧ್ಯಕ್ಷರು ಆಟಗಾರರನ್ನು ನೋಡಲು ಶಿಬಿರಕ್ಕೆ ಬಂದರು. ಶಿಮ್ ಎಲ್ಲಿ ಅಂದ್ರೆ, ಮೈ ಹುಷಾರಿಲ್ಲ ಅಂತ ಹೇಳಿಬಿಟ್ಟರು.

ಮೈ ಹುಷಾರಿಲ್ಲ! ಈ ಮಾತನ್ನು ಹಿಡ್ಕೊಳ್ಳಿ. 2 ಸಮುವೇಲ 13ರಲ್ಲೂ ಇದೇ ಸುಳ್ಳು ಇದೆ.

ಅಮ್ನೋನ್ ರಾಜನ ಹಿರಿಯ ಮಗ. ತಾಮಾರ್ ಅವನ ಮಲತಂಗಿ. ಯೋನಾದಾಬ್ ಅನ್ನೋ ಜಾಣ ಸ್ನೇಹಿತ ಐಡಿಯಾ ಕೊಡ್ತಾನೆ: ಕಾಯಿಲೆ ಅಂತ ಮಲಗು, ಅಪ್ಪ ನೋಡಕ್ಕೆ ಬಂದಾಗ ತಂಗಿ ಕೈಯಲ್ಲಿ ಊಟ ಬೇಕು ಅಂತ ಕೇಳು. ಏಳನೇ ವಚನ ನೋಡಿ, ತಾಮಾರಳನ್ನು ಅಮ್ನೋನನ ಮನೆಗೆ ಕಳಿಸಿದ್ದು ಯಾರು? ಅವಳ ಸ್ವಂತ ಅಪ್ಪ, ದಾವೀದ. ಅವನಿಗೆ ಸಂಚು ಗೊತ್ತಿರಲಿಲ್ಲ, ನಂಬಿ ಕಳಿಸಿದ.

ತಂದೆತಾಯಿಯರು ಮಕ್ಕಳನ್ನು ಹಾಗೇ ತಾನೇ ಕಳಿಸೋದು? ಕೋಚಿಂಗ್‌ಗೆ, ಟ್ಯೂಷನ್‌ಗೆ, ಮ್ಯೂಸಿಕ್ ಕ್ಲಾಸ್‌ಗೆ, ಸಭೆಗೆ. ನಂಬಿ ಕಳಿಸ್ತಾರೆ. ಶಿಮ್‌ಳ ತಂದೆತಾಯಿಯೂ ನಂಬಿಯೇ ಕಳಿಸಿದರು.

ಈಗ ತಾಮಾರ್ ಏನು ಮಾಡಿದಳು ನೋಡಿ. ಕೆಲವರು ಕೇಳ್ತಾರೆ, ಅವಳು ಯಾಕೆ ಬೇಡ ಅನ್ನಲಿಲ್ಲ ಅಂತ. ಅಂದಳಪ್ಪಾ! 12, 13ನೇ ವಚನದಲ್ಲಿ ಬೇಡ ಅಂದಳು, ಕಾರಣ ಕೊಟ್ಟಳು, ಬೇಡಿಕೊಂಡಳು. ಬೈಬಲ್ ಅವಳ ಒಂದೊಂದು ಮಾತನ್ನೂ ಬರೆದಿಟ್ಟಿದೆ. ಅವನು ಕೇಳಲಿಲ್ಲ, ಬಲ ಅವನ ಕಡೆ ಇತ್ತು. ಆಮೇಲೆ ಅವಳು ತಲೆ ಮೇಲೆ ಬೂದಿ ಹಾಕ್ಕೊಂಡು, ರಾಜಕುಮಾರಿಯ ನಿಲುವಂಗಿ ಹರ್ಕೊಂಡು, ಗಟ್ಟಿಯಾಗಿ ಅಳ್ತಾ ಬೀದಿಯಲ್ಲಿ ಹೋದಳು. ತಾಮಾರ್ ಮುಚ್ಚಿಡಲಿಲ್ಲ, ಮುಚ್ಚಿಟ್ಟದ್ದು ಮನೆಯವರು.

ಅಣ್ಣ ಅಬ್ಷಾಲೋಮ್ ಅವಳಿಗೆ ಆಶ್ರಯ ಕೊಟ್ಟ, ಒಳ್ಳೇದು. ಆದರೆ ಏನಂದ? ಅವನು ನಿನ್ನ ಅಣ್ಣ, ಈಗ ಸುಮ್ಮನಿರು, ಮನಸ್ಸಿಗೆ ಹಚ್ಕೋಬೇಡ ಅನ್ನೋ ಅರ್ಥದ ಮಾತು. ಅಪ್ಪ ಏನು ಮಾಡಿದ? 21ನೇ ವಚನ: ದಾವೀದನಿಗೆ ಬಹಳ ಕೋಪ ಬಂತು. ಆಮೇಲೆ? ಮುಂದಿನ ವಚನ ಓದಿ, ಆಮೇಲೆ ಏನೂ ಇಲ್ಲ. ವಿಚಾರಣೆ ಇಲ್ಲ, ಶಿಕ್ಷೆ ಇಲ್ಲ, ಮಗಳ ಹತ್ತಿರ ಹೋಗಿ ಒಂದು ಮಾತು ಆಡಿದ ಅಂತಲೂ ಇಲ್ಲ. ಕೋಪ ಮಾತ್ರ.

ಯೌವನಸ್ಥರೇ, ಕೋಪ ಬರೋದು ನ್ಯಾಯ ಅಲ್ಲ. ನ್ಯೂಸ್ ನೋಡಿ ಸ್ಟೇಟಸ್ ಹಾಕೋದೂ ನ್ಯಾಯ ಅಲ್ಲ. ದಾವೀದನಿಗೂ ಕೋಪ ಬಂದಿತ್ತು.

ಎರಡು ವರ್ಷ ಆ ಮನೆ ಸುಮ್ಮನಿತ್ತು. ಆಮೇಲೆ ಅಬ್ಷಾಲೋಮ್ ಅಮ್ನೋನನನ್ನು ಕೊಲ್ಲಿಸಿದ. ಮುಂದೆ ಅಪ್ಪನ ವಿರುದ್ಧವೇ ದಂಗೆ ಎದ್ದ. ರಾಜ ಮಾಡಬೇಕಾದ ನ್ಯಾಯ ಮಾಡದೆ ಹೋದಾಗ ಅದು ಸೇಡಾಗಿ ಬಂತು. ಮನೆಯ ಮಾನ ಉಳಿಸಕ್ಕೆ ಅಂತ ಮೌನ ಇದ್ದರು, ಉಳಿದದ್ದು ಮನೆಯೂ ಅಲ್ಲ, ಮಾನವೂ ಅಲ್ಲ.

ಸರಿ, ಕೊರಿಯಾಗೆ ವಾಪಸ್ ಬರೋಣ. ಶಿಮ್ ಯಾಕೆ ಅಷ್ಟು ವರ್ಷ ಹೇಳಲಿಲ್ಲ? ಅಲ್ಲಿ ಆಟಗಾರರು ತಿಂಗಳುಗಟ್ಟಲೆ ಶಿಬಿರದಲ್ಲೇ ಇರ್ತಾರೆ. ಮೆಡಲ್ ಬಂದರೆ ಯೂನಿವರ್ಸಿಟಿ ಸೀಟು, ಪಿಂಚಣಿ, ಹುಡುಗರಿಗಾದರೆ ಕಡ್ಡಾಯ ಸೈನ್ಯ ಸೇವೆಯಿಂದ ವಿನಾಯಿತಿ. ಆ ದಾರಿಯ ಬಾಗಿಲಲ್ಲಿ ಕೋಚ್ ನಿಂತಿರ್ತಾನೆ. ಅವನು ಬೇಡ ಅಂದರೆ ಚಿಕ್ಕಂದಿನಿಂದ ಪಟ್ಟ ಕಷ್ಟ ಎಲ್ಲಾ ಮುಗೀತು. ಅದಕ್ಕೇ ಹೊಡೆತವನ್ನು ಶಿಸ್ತು ಅಂತ ಕರೆದರು. ಮೌನವನ್ನು ವಿಧೇಯತೆ ಅಂತ ಕರೆದರು. ಮೆಡಲ್ ಬರ್ತಿತ್ತಲ್ಲಾ, ಯಾರೂ ಕೇಳಲಿಲ್ಲ.

2018ರ ಸೆಪ್ಟೆಂಬರ್‌ನಲ್ಲಿ ಶಿಮ್ ಸೇರಿ ನಾಲ್ಕು ಆಟಗಾರರಿಗೆ ಹೊಡೆದದ್ದಕ್ಕೆ ಆ ಕೋಚ್‌ಗೆ 10 ತಿಂಗಳ ಶಿಕ್ಷೆ ಆಯಿತು. ಆದರೆ ಆಕೆಯೊಳಗೆ ಇನ್ನೊಂದು ವಿಷಯ ಇತ್ತು, ಮನೆಯವರಿಗೂ ಹೇಳಿರದೆ ಇದ್ದದ್ದು. ಆಕೆಯ ವಕೀಲರು ಹೇಳಿದ ಪ್ರಕಾರ, ಒಬ್ಬ ಅಭಿಮಾನಿ ಆಕೆಗೆ ಕಾಗದ ಬರೆದಿದ್ದರು. ಆಟ ಬಿಟ್ಟುಬಿಡಬೇಕು ಅಂತಿದ್ದೆ, ನೀವು ಅಷ್ಟು ಹೊಡೆತ ತಿಂದೂ ಒಲಿಂಪಿಕ್ಸ್‌ನಲ್ಲಿ ನಿಂತದ್ದು ನೋಡಿ ಧೈರ್ಯ ಬಂತು ಅನ್ನೋ ಅರ್ಥದ ಕಾಗದ. ಅದನ್ನು ಓದಿ ಆಕೆ ಹೇಳಿಯೇ ಬಿಡ್ತೀನಿ ಅಂತ ತೀರ್ಮಾನ ಮಾಡಿದಳು. 2018ರ ಡಿಸೆಂಬರ್‌ನಲ್ಲಿ ದೂರು ಕೊಟ್ಟಳು: ಹೈಸ್ಕೂಲಿನಲ್ಲಿದ್ದಾಗಿನಿಂದ ವರ್ಷಗಟ್ಟಲೆ ಆತ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಅಂತ. ಆರೋಪ ಪಟ್ಟಿಯಲ್ಲಿ ಇದ್ದದ್ದು ಸುಮಾರು 30 ಸಲ, 2014ರಿಂದ 2017ರವರೆಗೆ, ರಾಷ್ಟ್ರೀಯ ತರಬೇತಿ ಕೇಂದ್ರದ ಕೋಣೆಗಳಲ್ಲೂ ಸೇರಿ.

2019ರ ಜನವರಿಯಲ್ಲಿ ಇದು ಹೊರಗೆ ಬಂದ ಮೇಲೆ ಇಡೀ ದೇಶ ಅಲುಗಾಡಿತು. ಕೆಲವೇ ದಿನಗಳಲ್ಲಿ ಶಿನ್ ಯು-ಯೊಂಗ್ ಅನ್ನೋ ಜೂಡೋ ಆಟಗಾರ್ತಿ ತನ್ನ ಹೆಸರು ಹೇಳಿಕೊಂಡು ಮುಂದೆ ಬಂದಳು. ಮಾನವ ಹಕ್ಕುಗಳ ಆಯೋಗ ಕ್ರೀಡೆಗೆ ಅಂತಲೇ ವಿಶೇಷ ತನಿಖಾ ತಂಡ ಮಾಡಿತು. 2021ರ ಜನವರಿಯಲ್ಲಿ ಆ ಕೋಚ್‌ಗೆ ಹತ್ತೂವರೆ ವರ್ಷ ಶಿಕ್ಷೆ, ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ಅದು 13 ವರ್ಷ, ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಾಯಂ ಮಾಡಿತು.

ಒಂದು ಹುಡುಗಿ ಬಾಯಿ ತೆರೆದರೆ ಎಷ್ಟು ಬಾಗಿಲು ತೆರೆಯುತ್ತೆ ನೋಡಿ. ಆದರೆ ಎಲ್ಲಾ ಕಥೆ ಹೀಗೆ ಮುಗಿಯೋದಿಲ್ಲ. ಅದೇ ದೇಶದಲ್ಲಿ 2020ರಲ್ಲಿ ಚೋಯ್ ಸುಕ್-ಹ್ಯೊನ್ ಅನ್ನೋ 22 ವರ್ಷದ ಟ್ರಯಥ್ಲಾನ್ ಆಟಗಾರ್ತಿ, ತನ್ನ ತಂಡದಲ್ಲಿ ಆದ ಹಿಂಸೆಯ ಬಗ್ಗೆ ಒಂದಲ್ಲ, ಹಲವು ಕಡೆ ದೂರು ಕೊಟ್ಟಳು. ಸಮಯಕ್ಕೆ ಯಾರೂ ಕೈ ಹಿಡಿಯಲಿಲ್ಲ. ಆ ಮಗಳು ಇವತ್ತು ನಮ್ಮ ಮಧ್ಯೆ ಇಲ್ಲ. ಮಾತಾಡು ಅಂತ ಹೇಳೋದು ಸುಲಭ. ಕೇಳಿಸಿಕೊಳ್ಳುವ ಕಿವಿ ಎಲ್ಲಿ ಅನ್ನೋದೇ ಪ್ರಶ್ನೆ.

ಈಗ ನಿಮ್ಮ ಮನಸ್ಸಿನಲ್ಲಿ ಬರೋ ಕೆಲವು ಪ್ರಶ್ನೆಗಳನ್ನು ನಾನೇ ಎತ್ಕೊಳ್ತೀನಿ.

ಒಂದನೇದು: ಪಾಸ್ಟರ್, ಆಕೆಯೇನು ಅಷ್ಟು ಒಳ್ಳೆಯವಳಾ? ಗೂಗಲ್ ಮಾಡಿದರೆ ನಿಮಗೆ ಸಿಗುತ್ತೆ, ಅದಕ್ಕೇ ನಾನೇ ಹೇಳ್ತೀನಿ. 2018ರಲ್ಲಿ ಆಕೆ ಇನ್ನೊಬ್ಬ ಕೋಚ್‌ಗೆ ಕಳಿಸಿದ ಮೆಸೇಜ್‌ಗಳು 2021ರಲ್ಲಿ ಹೊರಬಂದವು. ಅದರಲ್ಲಿ ತನ್ನ ತಂಡದವರನ್ನೇ ಹೀಯಾಳಿಸಿದ್ದಳು. ಅದಕ್ಕೆ ಎರಡು ತಿಂಗಳು ನಿಷೇಧ ಆಯಿತು, ಬೀಜಿಂಗ್ ಒಲಿಂಪಿಕ್ಸ್ ತಪ್ಪಿಹೋಯಿತು. ಈಗ ಯೋಚಿಸಿ: ಆಕೆ ಮಾಡಿದ ತಪ್ಪಿಗೆ ಆಕೆ ಲೆಕ್ಕ ಕೊಟ್ಟಳು. ಅದರಿಂದ ಆಕೆಗೆ ಆದ ಅನ್ಯಾಯ ಕಡಿಮೆ ಆಯ್ತಾ? ಇಲ್ಲ. ನ್ಯಾಯ ಒಳ್ಳೆಯವರಿಗೆ ಮಾತ್ರ ಕೊಡುವ ಬಹುಮಾನ ಅಲ್ಲ. ನೊಂದವರು ದೇವದೂತರಾಗಿರಬೇಕು ಅಂತ ನಾವು ಕಾಯ್ತಾ ಕೂತರೆ ಯಾರಿಗೂ ನ್ಯಾಯ ಸಿಗೋದಿಲ್ಲ. ಪಾಪಿಗಳಾಗಿರುವಾಗಲೇ ನಮ್ಮನ್ನು ಪ್ರೀತಿಸಿದ ಯೇಸುವನ್ನು ನಂಬುವ ನಾವು ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡ್ಕೋಬೇಕು. ಆಮೆನ್?

ಎರಡನೇದು, ತಮ್ಮಂದಿರ ಕಡೆಯಿಂದ: ಸುಳ್ಳು ಆರೋಪ ಬಂದರೆ? ಒಳ್ಳೆ ಪ್ರಶ್ನೆ. ಆದಿಕಾಂಡ 39, ಯೋಸೇಫ. ಪೋಟೀಫರನ ಹೆಂಡತಿ ಸುಳ್ಳು ಹೇಳಿದಳು, ಯೋಸೇಫ ಜೈಲಿಗೆ ಹೋದ. ಆದರೆ ಗಮನಿಸಿ, ಪೋಟೀಫರ ವಿಚಾರಣೆ ಮಾಡಿದ ಅಂತ ಬೈಬಲ್ ಹೇಳೋದಿಲ್ಲ, ಯೋಸೇಫನ ಮಾತು ಕೇಳಿದ ಅಂತಲೂ ಇಲ್ಲ. ತಾಮಾರಳಿಗೂ ವಿಚಾರಣೆ ಸಿಗಲಿಲ್ಲ, ಯೋಸೇಫನಿಗೂ ಸಿಗಲಿಲ್ಲ. ಇಬ್ಬರಿಗೂ ಬೇಕಾಗಿದ್ದ ಔಷಧ ಒಂದೇ: ಕೇಳು, ಪರೀಕ್ಷಿಸು, ಮುಚ್ಚಿಡಬೇಡ. ಕೊರಿಯಾದ ಆ ಕೋಚ್ ಲೈಂಗಿಕ ದೌರ್ಜನ್ಯದ ಆರೋಪ ಒಪ್ಪಿಕೊಳ್ಳಲಿಲ್ಲ. ನ್ಯಾಯಾಲಯ ಅವನ ಮಾತನ್ನೂ ಕೇಳಿತು, ಆಕೆಯ ಮಾತನ್ನೂ ಕೇಳಿತು, ಆಕೆ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ನೋಡಿತು, ಆಮೇಲೆ ತೀರ್ಪು ಕೊಟ್ಟಿತು. ತಂಗಿಯರೇ, ತಮ್ಮಂದಿರೇ, ನಿಮಗೆ ಏನಾದರೂ ಆಗ್ತಿದ್ದರೆ ತಾರೀಖು ಬರೆದಿಡಿ, ಮೆಸೇಜ್ ಡಿಲೀಟ್ ಮಾಡಬೇಡಿ.

ಮೂರನೇದು, ಇದು ನಮ್ಮ ಮನೆಯೊಳಗಿನ ಪ್ರಶ್ನೆ. ಅಭಿಷಿಕ್ತರನ್ನು ಮುಟ್ಟಬಾರದು ಅಂತ ಬೈಬಲ್ ಹೇಳುತ್ತಲ್ಲಾ, ದೇವರ ಸೇವಕರ ವಿರುದ್ಧ ಮಾತಾಡಿದರೆ ಶಾಪ ಬರೋದಿಲ್ವಾ?

ಕೀರ್ತನೆ 105 ತೆಗೆಯಿರಿ. ಒಂದು ವಚನ ಮಾತ್ರ ಹೇಳೋದು ಬೇಡ, 12ರಿಂದ 15ರವರೆಗೆ ಓದಿ. ಯಾರ ವಿಷಯ ಇದು? ಅಬ್ರಹಾಮ, ಇಸಾಕ, ಯಾಕೋಬರ ಕುಟುಂಬ. ಅವರು ಲೆಕ್ಕಕ್ಕೆ ಸ್ವಲ್ಪ ಜನ, ಸ್ವಂತ ಜಾಗ ಇಲ್ಲ, ಊರಿಂದ ಊರಿಗೆ ಅಲೀತಿದ್ದರು. ದೇವರು ಯಾರಿಗೆ ಎಚ್ಚರಿಕೆ ಕೊಟ್ಟದ್ದು? ಅರಸರಿಗೆ! ಬಲ ಇದ್ದವರಿಗೆ! ಅಂದ್ರೆ ಆ ವಚನ ಬಲ ಇಲ್ಲದವರನ್ನು ಬಲ ಇದ್ದವರಿಂದ ಕಾಪಾಡಲು ಕೊಟ್ಟದ್ದು. ನಾವು ಅದನ್ನು ತಲೆಕೆಳಗೆ ಮಾಡಿ, ಮೈಕ್ ಹಿಡಿದವನನ್ನು ಪ್ರಶ್ನೆಯಿಂದ ಕಾಪಾಡಲು ಉಪಯೋಗಿಸಿದ್ದೀವಿ. ಇನ್ನೊಂದು ಮಾತು. 13ನೇ ಅಧ್ಯಾಯದ ಹಿಂದಿನ ಅಧ್ಯಾಯದಲ್ಲೇ ಪ್ರವಾದಿ ನಾತಾನ ದಾವೀದನ ಮುಖಕ್ಕೆ ಮುಖ ಕೊಟ್ಟು ಅವನ ಪಾಪ ಹೇಳಿದ. ದಾವೀದ ಅಭಿಷಿಕ್ತ ಅಲ್ವಾ? ನಾತಾನನಿಗೆ ಶಾಪ ಬಂತಾ? ಒಂದನೇ ತಿಮೊಥೆ 5ರಲ್ಲಿ ಪೌಲನು ಸಭೆಯ ಹಿರಿಯರ ಮೇಲೆ ದೂರು ಬಂದರೆ ಸಾಕ್ಷಿ ಕೇಳಿ ಪರೀಕ್ಷಿಸಿ, ಪಾಪ ನಿಜವಾದರೆ ಎಲ್ಲರ ಮುಂದೆ ಗದರಿಸಬೇಕು ಅಂತ ಕಲಿಸ್ತಾನೆ. ಎಲ್ಲರ ಮುಂದೆ! ಇದು ಲೋಕದವರು ಮಾಡಿದ ರೂಲ್ ಅಲ್ಲ, ಅಪೊಸ್ತಲನ ಬೋಧನೆ.

ಈಗ ನಾನು ಒಂದು ವಿಷಯ ಹೇಳಬೇಕು. ಇಷ್ಟು ಹೊತ್ತು ಅಬ್ಷಾಲೋಮನನ್ನು ಬೈದೆ ಅಲ್ವಾ? ಆ ಅಬ್ಷಾಲೋಮ್ ನಾನೇ.

ಈ ಸಭೆಗೆ ಬರುವ ಮುಂಚೆ, ಬೇರೆ ಊರಿನಲ್ಲಿ ನಾನು ಯೂತ್ ಲೀಡರ್ ಆಗಿದ್ದೆ. ಒಂದು ಸಂಜೆ ಪಿಯುಸಿ ಓದ್ತಿದ್ದ ಒಬ್ಬ ತಂಗಿ ಬಂದಳು, 17 ವರ್ಷ. ಕೀಬೋರ್ಡ್ ಕಲಿಸ್ತಿದ್ದ ಒಬ್ಬ ಸಹೋದರ ಕ್ಲಾಸ್ ಮುಗಿದ ಮೇಲೆ ಏನು ಮಾಡ್ತಾನೆ ಅಂತ ಹೇಳಿದಳು. ಪೂರ್ತಿ ಹೇಳಕ್ಕೆ ಆಗಲಿಲ್ಲ, ಆದರೆ ನನಗೆ ಅರ್ಥ ಆಯಿತು. ನಾನು ಏನು ಮಾಡಿದೆ ಗೊತ್ತಾ? ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. ಆಮೇಲೆ, ಕ್ಷಮಿಸಿಬಿಡು ತಂಗಿ, ಯಾರಿಗೂ ಹೇಳಬೇಡ, ಸಭೆಯ ಹೆಸರು ಕೆಡುತ್ತೆ, ನಾಳೆ ನಿನ್ನ ಮದುವೆ ಆಗಬೇಕು ಅಂದೆ. ಅವಳು ತಲೆ ಆಡಿಸಿ ಹೋದಳು. ಎರಡು ವಾರ ಬಂದಳು, ಆಮೇಲೆ ಬರಲಿಲ್ಲ. ನಾನು ಅವಳನ್ನು ಹಿಂಜಾರಿದವರ ಪಟ್ಟಿಗೆ ಸೇರಿಸಿ ಪ್ರಾರ್ಥನೆ ಮಾಡ್ತಿದ್ದೆ. ಕರ್ತನೇ, ನನ್ನನ್ನು ಕ್ಷಮಿಸು.

ಶಿಮ್ ಸುಕ್-ಹೀಯ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪವಿತ್ರಾತ್ಮನು ಆ ತಂಗಿಯ ಮುಖ ತಂದು ನಿಲ್ಲಿಸಿದನು. ಆದರೂ ನಾನು ಬಹಳ ದಿನ ತಪ್ಪಿಸಿಕೊಂಡೆ. ಕೊನೆಗೆ ಒಬ್ಬ ಅಕ್ಕನ ಮೂಲಕ, ಭೇಟಿ ಮಾಡಕ್ಕೆ ಇಷ್ಟ ಇದೆಯಾ ಅಂತ ಕೇಳಿಸಿದೆ. ಅವಳು ಒಪ್ಪಿದಳು. ನಾನು ಕ್ಷಮೆ ಕೇಳಿದೆ. ಅವಳು ಬೈಯಲಿಲ್ಲ. ಒಂದೇ ಮಾತು ಹೇಳಿದಳು: "ಅಣ್ಣಾ, ಅವತ್ತು ನಾನು ಎರಡು ಬಸ್ ಬದಲಾಯಿಸಿ ನಿಮ್ಮ ಹತ್ರ ಬಂದಿದ್ದೆ."

ಎರಡು ಬಸ್. ದಾರಿಯುದ್ದಕ್ಕೂ ಹೇಗೆ ಹೇಳಲಿ ಅಂತ ಅಭ್ಯಾಸ ಮಾಡ್ಕೊಂಡು ಬಂದಿದ್ದಳಂತೆ. ನಾನು ಐದು ನಿಮಿಷದಲ್ಲಿ ವಾಪಸ್ ಕಳಿಸಿದೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯ್ದೆ ಇದೆ. ಅದರ 19ನೇ ಸೆಕ್ಷನ್ ಪ್ರಕಾರ 18 ವರ್ಷದ ಒಳಗಿನವರಿಗೆ ಹೀಗೆ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಇರೋದು ಶಿಕ್ಷೆಯಾಗುವ ಅಪರಾಧ. ಪಾಸ್ಟರ್‌ಗೆ ಅದರಿಂದ ವಿನಾಯಿತಿ ಇಲ್ಲ. ಅವಳು ದೂರು ಕೊಡ್ತೀನಿ ಅಂದಾಗ ನಾನೂ ಠಾಣೆಗೆ ಹೋದೆ. ಅವಳು ಅವತ್ತೇ ನನಗೆ ಹೇಳಿದ್ದಳು, ನಾನು ಮುಚ್ಚಿಟ್ಟೆ ಅಂತ ಬರೆದುಕೊಟ್ಟೆ. ಅದರಿಂದ ನನಗೆ ಏನು ಬರಬೇಕೋ ಬರಲಿ. ನಮ್ಮ ಹಿರಿಯರಿಗೂ ಹೇಳಿದ್ದೀನಿ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಇಲ್ಲಿ ಹೇಳ್ತಿದ್ದೀನಿ. ಯಾರು, ಯಾವ ಊರು ಅಂತ ದಯವಿಟ್ಟು ಹುಡುಕಬೇಡಿ.

ಕ್ಷಮೆ ಬಗ್ಗೆ ಒಂದು ಮಾತು. ಕ್ಷಮೆ ನೊಂದವರು ದೇವರ ಮುಂದೆ, ತಮ್ಮ ಸಮಯದಲ್ಲಿ ಮಾಡುವ ಕೆಲಸ. ಅದನ್ನು ನಾನು ಅವಳ ಕೈಯಿಂದ ಕಿತ್ತುಕೊಂಡು ಬಾಗಿಲು ಮುಚ್ಚಲು ಉಪಯೋಗಿಸಿದೆ. ಜಕ್ಕಾಯನು ರಕ್ಷಣೆ ಹೊಂದಿದ ದಿನವೇ ಮೋಸ ಮಾಡಿದ್ದನ್ನು ನಾಲ್ಕರಷ್ಟು ತಿರುಗಿ ಕೊಡ್ತೀನಿ ಅಂದ. ಕ್ಷಮೆ ಲೆಕ್ಕ ಅಳಿಸುವ ರಬ್ಬರ್ ಅಲ್ಲ.

ಕೊನೆಗೆ ಯೇಸುವನ್ನು ನೋಡೋಣ. ಮಾರ್ಕ 5. ಯಾಯೀರನು ಸಭಾಮಂದಿರದ ಅಧಿಕಾರಿ, ದೊಡ್ಡ ಮನುಷ್ಯ. ಅವನ ಮಗಳು ಸಾಯ್ತಿದ್ದಾಳೆ, ಯೇಸು ಹೊರಟಿದ್ದಾನೆ, ಅರ್ಜೆಂಟ್. ಆ ಗುಂಪಿನಲ್ಲಿ 12 ವರ್ಷದಿಂದ ರಕ್ತಸ್ರಾವ ಇದ್ದ ಒಬ್ಬ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ಟಿದಳು. ಯೇಸು ನಿಂತನು! ಶಿಷ್ಯರಿಗೆ ಅವಸರ, ಯಾಯೀರನಿಗೆ ಅವಸರ. ಆದರೂ ನಿಂತನು. ಅವಳು ಹೆದರಿ ನಡುಗ್ತಾ ಬಂದು ನಡೆದದ್ದನ್ನೆಲ್ಲಾ ಹೇಳಿದಳು. 12 ವರ್ಷದ ಕಥೆ ಐದು ನಿಮಿಷದಲ್ಲಿ ಮುಗಿದಿರುತ್ತಾ? ಯೇಸು ಸುಮ್ಮನಿರು ಅನ್ನಲಿಲ್ಲ. ಕೇಳಿದನು. ಆಮೇಲೆ ಅವಳನ್ನು ಮಗಳೇ ಅಂತ ಕರೆದನು.

ಮೆಡಲ್ ಅರ್ಜೆಂಟ್ ಅಂತ ಕೊರಿಯಾದಲ್ಲಿ ನಿಲ್ಲಲಿಲ್ಲ. ಸೇವೆ ಅರ್ಜೆಂಟ್ ಅಂತ ನಾನು ನಿಲ್ಲಲಿಲ್ಲ. ನಮ್ಮ ಕರ್ತನು ನಿಂತನು. ಹಲ್ಲೆಲೂಯಾ!

ಆದ್ದರಿಂದ ಇವತ್ತಿನಿಂದ ನಮ್ಮ ಸಭೆಯಲ್ಲಿ ಹೀಗೆ. ವರ್ಶಿಪ್ ಟೀಮ್ ಇರಲಿ, ಸಂಡೇ ಸ್ಕೂಲ್ ಇರಲಿ, ಕೌನ್ಸೆಲಿಂಗ್ ಇರಲಿ, ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಒಬ್ಬರ ಜೊತೆ ಇರುವಂತಿಲ್ಲ. ಆ ನಿಯಮ ನನಗೂ ಸೇರಿ. ದೂರು ಕೇಳಲು ಇಬ್ಬರು ಇದ್ದಾರೆ, ಒಬ್ಬರು ನಮ್ಮ ಸಭೆಯ ಅಕ್ಕ, ಇನ್ನೊಬ್ಬರು ಹೊರಗಿನವರು. ನನ್ನ ಮೇಲೆ ದೂರು ಇದ್ದರೂ ಅವರ ಹತ್ತಿರ ಹೋಗಿ, ನನ್ನ ಅಪ್ಪಣೆ ಬೇಕಾಗಿಲ್ಲ. 18ರ ಒಳಗಿನವರ ವಿಷಯ ಬಂದರೆ ಅದೇ ದಿನ ಪೊಲೀಸರಿಗೆ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತು ಇದ್ದರೆ 112. ಈಗಲೇ ಸೇವ್ ಮಾಡ್ಕೊಳ್ಳಿ. ನಿಮಗೆ ಬೇಕಾಗದೆ ಇರಬಹುದು, ಎರಡು ಬಸ್ ಬದಲಾಯಿಸಿ ನಿಮ್ಮ ಹತ್ತಿರ ಬರುವ ಯಾರಿಗೋ ಬೇಕಾಗಬಹುದು.

ತಾಮಾರಳಿಗೆ ಮುಂದೆ ಏನಾಯಿತು ಅಂತ ಬೈಬಲ್ ಹೇಳೋದಿಲ್ಲ. ಆದರೆ 14ನೇ ಅಧ್ಯಾಯದ 27ನೇ ವಚನದಲ್ಲಿ ಅಬ್ಷಾಲೋಮನಿಗೆ ಒಬ್ಬ ಮಗಳು ಹುಟ್ಟಿದಳು ಅಂತ ಇದೆ. ಅವಳ ಹೆಸರು ತಾಮಾರ್. ತಂಗಿಗೆ ಸುಮ್ಮನಿರು ಅಂದವನು ದಿನಾ ಆ ಹೆಸರನ್ನೇ ಕರೆಯಬೇಕಾಯಿತು. ದೇವರು ಆ ಹೆಸರನ್ನು ಮರೆಯಲು ಬಿಡಲಿಲ್ಲ. ನಿಮ್ಮ ಹೆಸರನ್ನೂ ಮರೆಯೋದಿಲ್ಲ.

ಪ್ರಾರ್ಥನೆ ಮಾಡೋಣ. ಇವತ್ತು ಯಾರೂ ಕೈ ಎತ್ತಬೇಕಾಗಿಲ್ಲ, ಮುಂದೆ ಬರಬೇಕಾಗಿಲ್ಲ. ಕೂತಲ್ಲೇ ಇರಿ.

ಪರಲೋಕದ ತಂದೆಯೇ, ಈ ಕೋಣೆಯಲ್ಲಿ ಹೇಳಲಾಗದ್ದನ್ನು ಹೊತ್ತುಕೊಂಡು ಕೂತಿರುವ ಮಕ್ಕಳನ್ನು ನೀನು ಬಲ್ಲೆ. ಅದು ಅವರ ತಪ್ಪಲ್ಲ ಎಂದು ನೀನೇ ಅವರಿಗೆ ಹೇಳು. ಅವರಿಗೆ ಮಾತು ಕೊಡು, ನಮಗೆ ಕಿವಿ ಕೊಡು. ಮುಚ್ಚಿಟ್ಟ ನಮ್ಮಂಥವರಿಗೆ ಪಶ್ಚಾತ್ತಾಪವನ್ನೂ ಅದರ ಬೆಲೆ ಕೊಡುವ ಧೈರ್ಯವನ್ನೂ ಕೊಡು. ನಮ್ಮ ಸಭೆಯನ್ನು ಸುಮ್ಮನಿರು ಅನ್ನುವ ಮನೆಯಾಗಿ ಬಿಡಬೇಡ. ಹೇಳು ಮಗಳೇ, ಹೇಳು ಮಗನೇ ಅನ್ನುವ ಮನೆಯನ್ನಾಗಿ ಮಾಡು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.